ಕಾರ ಹುಣ್ಣಿಮೆಯ ಹಿಂದಿನ ದಿನ

ಶಿರಸಿ,
ಆದಿತ್ಯವಾರ, ೨೫ ಜೂನ್ ೧೯೬೧

ತೀರ್ಥರೂಪ ಮಾವನವರ ಪಾದಗಳಿಗೆ,

ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕುಳಿತು ನಿಮ್ಮ ಸೊಸೆ ಗುರುಶಾಂತವ್ವ ಶರಣು ಹೇಳಿ ಬರೆಯುವ ಕಾಗದ. ಮೊದಲಿಗೆ, ಹೆದರಬೇಡಿರಿ. ನಿಮ್ಮ ಮಗನಿಗೆ ಹೊಸದಾಗಿ ಏನೂ ಆಗಿಲ್ಲ. ಜ್ವರ ಇಳಿದಿದೆ. ಬೆಳಿಗ್ಗೆ ಎರಡು ಇಡ್ಲಿ ತಿಂದು, ಮೂರನೆಯದನ್ನು ಕೂಸಿನ ಬಾಯಿಗೆ ತುರುಕಲು ಹೋಗಿ ನನ್ನಿಂದ ಬೈಸಿಕೊಂಡಿದ್ದಾರೆ. ಕೂಸು ಸಿದ್ದವ್ವನ ಹೊಟ್ಟೆಯೂ ನೆಟ್ಟಗಾಗಿದೆ. ಇಷ್ಟು ಓದಿ ಒಂದು ಸಲ ಉಸಿರು ಬಿಡಿರಿ. ಆಮೇಲೆ ಮುಂದಿನದನ್ನು ಓದಿರಿ. ಅತ್ತೆಗೆ ಓದಿ ಹೇಳುವ ಮೊದಲು ನೀವೊಬ್ಬರೇ ಪೂರ್ತಿ ಓದಬೇಕು.

ಮೂರು ವರ್ಷ ಒಂದೇ ಸೂರಿನ ಕೆಳಗಿದ್ದೂ ನಾನು ನಿಮ್ಮೆದುರು ನಿಂತು ಒಂದು ಮಾತು ಆಡಿದವಳಲ್ಲ. ನೀವೂ ನನ್ನ ಹೆಸರು ಹಿಡಿದು ಕರೆದವರಲ್ಲ. ನಮ್ಮ ಮನೆಯ ರೀತಿಯೇ ಹಾಗೆ. ಸೊಸೆ ಬಾಗಿಲ ಮರೆಗೆ ನಿಲ್ಲಬೇಕು, ಮಾವ ಕಂಬಕ್ಕೆ ಹೇಳಿದಂತೆ ಹೇಳಬೇಕು. ಧಾರವಾಡದಲ್ಲಿ ನಾಲ್ಕು ವರ್ಷ ಗಂಡುಹುಡುಗರ ಎದುರು ಬೆಂಚಿನಲ್ಲಿ ಕುಳಿತು ಬಿ.ಎ. ಮುಗಿಸಿ ಬಂದವಳಿಗೆ ಮೊದಮೊದಲು ಇದು ನಗು ತರಿಸುತ್ತಿತ್ತು. ಆಮೇಲೆ ನಗು ಹೋಗಿ ರೂಢಿ ಉಳಿಯಿತು. ಕೂಸು ಹುಟ್ಟಿದ ಮೇಲೆ ನಿಮಗೂ ಹಗುರವಾದಂತೆ ಕಂಡಿತು. ಇಪ್ಪತ್ತು ದಿನದ ಕೂಸಿನ ತೊಟ್ಟಿಲ ಹತ್ತಿರ ಬಂದು ನೀವು, "ಸಿದ್ದವ್ವಾ, ನಿಮ್ಮವ್ವಗ ಹೇಳು, ಸಾರಿಗೆ ಉಪ್ಪ ಬಿದ್ದಿಲ್ಲ," ಅಂದಿರಿ. ನಾನು ಒಳಗಿನಿಂದ, "ಸಿದ್ದವ್ವಾ, ನಿಮ್ಮಜ್ಜಗ ಹೇಳು, ತರಾಕ ಹತ್ತೀನಿ," ಅಂದೆ. ಅಂದಿನಿಂದ ಈ ಎಂಟು ತಿಂಗಳು ಹಲ್ಲಿಲ್ಲದ ಆ ಬಾಯಿ ನಮ್ಮಿಬ್ಬರ ಮಾತನ್ನು ಹೊತ್ತಿದೆ. ಅಂಗಡಿಗೆ ಬರುವ ಪೇಪರನ್ನು ನೀವು ಮೆಣಸಿನಕಾಯಿ ಕಟ್ಟಲು ಬಿಡದೆ, ನಾಲ್ಕು ಮಡಿಕೆ ಮಾಡಿ ನಡುಮನೆಯ ಗೂಡಿನಲ್ಲಿಟ್ಟು, ದೀಪದ ಎಣ್ಣೆ ನೋಡಲು ಬಂದವರಂತೆ ಹೊರಟು ಹೋಗುತ್ತಿದ್ದಿರಿ. ಯಾರಿಗೆ ಅಂತ ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಪೇಪರಿನ ಧೈರ್ಯದಿಂದಲೇ ಇವತ್ತು ಪೆನ್ನು ಹಿಡಿದಿದ್ದೇನೆ. ಇದು ಕೂಸಿನ ಬಾಯಲ್ಲಿ ಹೇಳಿ ಕಳಿಸುವಷ್ಟು ಸಣ್ಣ ಮಾತಲ್ಲ.

ವಿಷಯ ಇಷ್ಟು. ನಿಮ್ಮ ಮಗನ ಕಾಲಿಗೆ ಪರಿಹಾರ ಕೇಳುವ ಅರ್ಜಿ ಬರುವ ಮಂಗಳವಾರ, ಇಪ್ಪತ್ತೇಳನೆಯ ತಾರೀಖಿನೊಳಗೆ, ಕಾರವಾರದ ಕೋರ್ಟಿಗೆ ಮುಟ್ಟಬೇಕು. ಅದಕ್ಕೆ ನಾಳೆ ಸಂಜೆಯೊಳಗೆ ಅವರು ಸಹಿ ಹಾಕಬೇಕು. ನೀವು ಹೇಳದೆ ಸಹಿ ಹಾಕುವುದಿಲ್ಲ ಅಂತ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ.

ನಿಮಗೆ ಇದು ವಿಚಿತ್ರ ಅನಿಸಬಹುದು. ಎರಡು ತಿಂಗಳ ವಾಯಿದೆ ಅಂತ ಸಿದ್ದಾಪುರದ ಹವಾಲದಾರ ನಿಮಗೆ ಮೊದಲೇ ಹೇಳಿದ್ದ. ಇನ್ನೂ ಒಂದು ತಿಂಗಳು ಬಾಕಿ ಇದೆಯಲ್ಲ ಅನ್ನುತ್ತೀರಿ. ನಾನೂ ಶುಕ್ರವಾರದವರೆಗೆ ಹಾಗೇ ತಿಳಿದಿದ್ದೆ. ಪೆಟ್ಟು ಬಿದ್ದದ್ದು ವೈಶಾಖದ ಆಗಿ ಹುಣ್ಣಿಮೆಗೆ ಎರಡು ದಿನ ಮೊದಲು. ಈ ವರ್ಷ ಜ್ಯೇಷ್ಠ ಎರಡು ಬಂದವು, ಮೊದಲನೆಯದು ಅಧಿಕ. ಮದುವೆ ಇಲ್ಲ, ಮನೆ ಹೊಗುವುದಿಲ್ಲ, ಹೊಸ ಕೆಲಸ ಯಾವುದೂ ಇಲ್ಲ. ಅತ್ತೆ ಬೆರಳು ಮಡಚಿ ಲೆಕ್ಕ ಹೇಳಿದರು: "ಆಗಿ ಹುಣ್ಣಿವಿಗೆ ಬಿದ್ದ. ಕಾರ ಹುಣ್ಣಿವಿಗೆ ಒಂದು ತಿಂಗಳ. ಕಡ್ಲಿಗಡಬ ಹುಣ್ಣಿವಿಗೆ ಎರಡು. ಅಧಿಕ ಯಾರರೇ ಎಣಸ್ತಾರನು? ಅದು ಇದ್ದೂ ಇಲ್ಲದ ತಿಂಗಳ." ನೀವು ಹೌದೆಂದು ಗೋಣು ಹಾಕಿದಿರಿ. ಗೋಡೆಗೆ ತಾರೀಖಿನ ಕ್ಯಾಲೆಂಡರ್ ನೇತಾಡುತ್ತಿತ್ತು. ನಾನು ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದೆ. ಆದರೂ ನನಗೆ ಅದು ಹೊಳೆಯಲಿಲ್ಲ. ಅತ್ತೆಯನ್ನು ಬೈಯಬೇಡಿರಿ. ಅವರು ಕಲಿತದ್ದು ಹುಣ್ಣಿಮೆಯ ಲೆಕ್ಕ, ಅವರು ಅದನ್ನೇ ಹಾಕಿದರು. ನಾನು ಕಲಿತದ್ದು ಬೇರೆ ಲೆಕ್ಕ. ಅದನ್ನು ನಾನು ಹಾಕಲೇ ಇಲ್ಲ.

ಹೇಗೆ ಗೊತ್ತಾಯಿತು ಅಂದರೆ ನೀವು ನಂಬಲಿಕ್ಕಿಲ್ಲ. ಶುಕ್ರವಾರ ಅತ್ತೆ ಬುತ್ತಿ ಹಿಡಿದು ಬಂದಿದ್ದರಲ್ಲ, ಕೂಸಿಗೆ ಕಾಡಿಗೆ ಹಚ್ಚುತ್ತ, "ಬರೂ ಬುಧವಾರ ಕಾರ ಹುಣ್ಣಿವಿ. ನಿಮ್ಮಪ್ಪ ಬಿದ್ದು ತಿಂಗಳಾತ ನೋಡ ಮಗಳ," ಅಂದರು. ನಾನು ಇವರ ಹಾಸಿಗೆಯ ಕಾಲಿನ ಹತ್ತಿರ ನಿಂತು ಚಾದರ ಕೊಡವುತ್ತಿದ್ದೆ. ಅಲ್ಲಿ ಜ್ವರದ ಪಟ್ಟಿ ಕಟ್ಟಿರುತ್ತಾರೆ. ನರ್ಸು ದಿನಾ ಬೆಳಿಗ್ಗೆ ಅದರಲ್ಲಿ ಒಂದೊಂದು ಅಂಕಿ ಬರೆದು ಕೆಳಗೆ ಚುಕ್ಕಿ ಇಡುತ್ತಾಳೆ. ಅವತ್ತಿನ ಅಂಕಿ ಐವತ್ತೇಳು. ನಾನು ಇನ್ನೊಮ್ಮೆ ನೋಡಿದೆ. ಐವತ್ತೇಳೇ. ಐವತ್ತೇಳು ದಿನ ಅವಳು ಬಂದು ಇವರ ಬಾಯಲ್ಲಿ ಗಾಜಿನ ಕೊಳವೆ ಇಟ್ಟಿದ್ದಾಳೆ, ನಾನು ಪ್ರತಿ ಬೆಳಗೂ ಪಕ್ಕದಲ್ಲೇ ನಿಂತಿದ್ದೇನೆ. ಕೂಸು ಅಳುತ್ತದೆ ಅಂತಲೋ, ಇವರು ನರಳುತ್ತಾರೆ ಅಂತಲೋ ಒಂದು ರಾತ್ರಿಯೂ ನೆಟ್ಟಗೆ ಕಣ್ಣು ಮುಚ್ಚಿಲ್ಲ. ನಿದ್ದೆ ಇಲ್ಲದವರಿಗೆ ದಿನಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ ಮಾವನವರೇ. ನರ್ಸಿಗೆ ಅಧಿಕ ಮಾಸ ಇರಲಿಲ್ಲ. ಅಷ್ಟೇ ಫರಕು.

ಅತ್ತೆ ಊರಿನ ಬಸ್ಸಿಗೆ ಹೋದ ಮೇಲೆ ಕೂಸನ್ನು ಸೊಂಟಕ್ಕೆ ಏರಿಸಿ ಹೊರಟೆ. ವಕೀಲ ಶಾಂತಾರಾಮರಾಯರ ಮನೆ ಆಸ್ಪತ್ರೆಯಿಂದ ಔಷಧಿ ಅಂಗಡಿಗೆ ಹೋಗುವ ದಾರಿಯಲ್ಲೇ ಇದೆ. ಅವರ ಬೋರ್ಡನ್ನು ನಾನು ಮೇ ತಿಂಗಳಿಂದ ಓದುತ್ತಲೇ ಇದ್ದೆ. ಮೂರು ಸಲ ಗೇಟಿನ ಚಿಲಕಕ್ಕೆ ಕೈ ಹಾಕಿ ತೆಗೆದಿದ್ದೇನೆ. ಒಂದು, ಹೆಣ್ಣುಮಗಳು ಒಬ್ಬಳೇ ವಕೀಲರ ಮನೆಗೆ ಹೋದಳು ಅಂತ ನಮ್ಮೂರು ಬನವಾಸಿಗೆ ಸುದ್ದಿ ಮುಟ್ಟಿದರೆ ನಿಮ್ಮ ಮುಖ ಏನಾಗುತ್ತದೆ ಅನ್ನುವ ಹೆದರಿಕೆ. ಎರಡನೆಯದು ದುಡ್ಡು. ಕೆರೆಯ ಕೆಳಗಿನ ಗದ್ದೆ ಹೇಗೆ ಹೋಯಿತು ಅನ್ನುವುದನ್ನು ನಾನು ಮನೆಗೆ ಬಂದ ಮೊದಲ ತಿಂಗಳೇ ಕೇಳಿದ್ದೆ. ನಿಮ್ಮ ದಾಯಾದಿಗಳ ಮೇಲಿನ ಆ ದಾವೆ ಹನ್ನೊಂದು ವರ್ಷ ನಡೆಯಿತಂತೆ. "ನನ್ನ ಕಾಲಾಗಿನ ಕೆರವು ಸವದವು, ವಕೀಲನ ಮನಿ ಮ್ಯಾಲ ಮಾಳಿಗಿ ಎದ್ದಿತು," ಅಂತ ನೀವು ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವುದು ಒಳಗೆ ಕೇಳಿಸುತ್ತಿತ್ತು. ಸಾಲದ್ದಕ್ಕೆ ಆಸ್ಪತ್ರೆಗೆ ಸೋಮ ಅನ್ನುವವನೊಬ್ಬ ಬರುತ್ತಿದ್ದ. ಕೋರ್ಟಿನ ಕಟ್ಟೆಯ ಮೇಲೆ ಇರುವವನಂತೆ. ಕಾಲು ಕಟ್ಟಿಸಿಕೊಂಡವರ ಹಾಸಿಗೆ ಹುಡುಕಿಕೊಂಡು ಬಂದು, "ಅಕ್ಕಾ, ಕೈಯಿಂದ ಒಂದ್ ಪೈಸಾ ಬಿಚ್ಚಬೇಡ್ರಿ. ಬಂದದ್ರಾಗ ಆರಾಣೆ ನಮ್ದು, ಹತ್ತಾಣೆ ನಿಮ್ದು. ಇಲ್ಲೊಂದು ಹೆಬ್ಬಟ್ಟು ಒತ್ತಿಸಿದ್ರ ಆತು," ಅಂದ. ಇವರು, "ನಾ ಸಹಿ ಮಾಡಾಂವ, ಹೆಬ್ಬಟ್ಟಿನಾಂವ ಅಲ್ಲ, ನಡಿ," ಅಂತ ಕೂಗಿದರು. ಅವನು ಹೋದ. ಆದರೆ ವಕೀಲರೆಂದರೆ ಎಲ್ಲ ಹೀಗೇ ಇರಬೇಕು ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಶುಕ್ರವಾರ ಚಿಲಕ ತೆಗೆದೆ. ಜಗಲಿಯ ಮೇಲೆ ಕಕ್ಷಿಗಾರರು ಇದ್ದರು, ಕೂಸು ರಚ್ಚೆ ಹಿಡಿದಿತ್ತು. ವಕೀಲರ ತಾಯಿ ಸುಬ್ಬಲಕ್ಷ್ಮಿಯಮ್ಮನವರು ಬಾಗಿಲಿಗೆ ಬಂದು ನೋಡಿ, "ಎಂತ ಮಾರಾಯ್ತಿ, ಕೂಸು ಇಷ್ಟು ಅಳ್ತು! ಒಳಗೆ ಬಾ, ಇಲ್ಲಿ ಗಂಡಸರು ಯಾರೂ ಇಲ್ಲೆ, ಹಾಲು ಕುಡಿಸು," ಅಂತ ಕೈ ಹಿಡಿದು ಕರೆದುಕೊಂಡರು. ನಾನು ಯಾರ ಪೈಕಿ, ಯಾವ ಊರು ಅಂತ ಆಮೇಲೆ ಕೇಳಿದರು. ಕೂಸು ಮಲಗಿದ ಮೇಲೆ ಅವರೇ ಪಕ್ಕದಲ್ಲಿ ಕುಳಿತರು, ಮಗನನ್ನು ಒಳಗೇ ಕರೆಸಿದರು. ಆದ್ದರಿಂದ ಯಾರಾದರೂ ಏನಾದರೂ ಅಂದರೆ, ನಾನು ಒಬ್ಬಳೇ ಮಾತಾಡಲಿಲ್ಲ ಅಂತ ನೀವು ಹೇಳಬಹುದು.

ರಾಯರು ಮೊದಲು ಕೇಳಿದ್ದು ಪೆಟ್ಟು ಬಿದ್ದವರ ಹೆಸರು. ಬಿ.ಎ. ಓದಿದ ನಾಲಿಗೆ ಅಲ್ಲಿ ಕಟ್ಟಿತು. ಗಂಡನ ಹೆಸರನ್ನು ಇಷ್ಟು ವರ್ಷ ಬಾಯಲ್ಲಿ ತಂದಿಲ್ಲ, ಅಲ್ಲಿ ಹೇಗೆ ಬಂದೀತು? ಅವರ ಪೆನ್ನು ಈಸಿಕೊಂಡು, 'ಮಧುಕೇಶ್ವರ ಶಂಕ್ರಪ್ಪ, ಗ್ರಾಮಸೇವಕರು' ಅಂತ ಬರೆದು ಕೊಟ್ಟೆ. ಅವರು ನಗಲಿಲ್ಲ. ತಾಯಿ ಮಾತ್ರ ಸೆರಗಿನಲ್ಲಿ ನಕ್ಕರು. ಆಮೇಲೆ ನಡೆದದ್ದೆಲ್ಲ ಹೇಳಿದೆ. ಏಪ್ರಿಲ್ ಇಪ್ಪತ್ತೆಂಟು, ಶುಕ್ರವಾರ. ತ್ಯಾಗಲಿಯಲ್ಲಿ ಜಪಾನೀ ಪದ್ಧತಿಯ ಸಸಿಮಡಿಯ ಬಗ್ಗೆ ರೈತರಿಗೆ ಹೇಳಿ, ಇವರು ಸೈಕಲ್ ಮೇಲೆ ಸಿದ್ದಾಪುರಕ್ಕೆ ತಿರುಗಿ ಹೊರಟದ್ದು. ತಿರುವಿನಲ್ಲಿ ನಾಟಾ ಲಾರಿ ಎದುರು ಬಂತು, ಇವರು ರಸ್ತೆ ಬಿಟ್ಟು ಕೆಳಗಿಳಿದು ಒಂದು ಕಾಲೂರಿ ನಿಂತರು. ಲಾರಿ ದಾಟಿತು. ಆದರೆ ಹಿಂದೆ ಚಾಚಿದ್ದ ದಿಮ್ಮಿ ದಾಟಲಿಲ್ಲ. ಲಾರಿ ತಿರುಗಿದ ಹಾಗೆ ಅದರ ಬಾಲ ರಸ್ತೆಯಂಚನ್ನು ಗುಡಿಸಿಕೊಂಡು ಬಂತು. ಸೊಪ್ಪಿನ ಹೊರೆ ಹೊತ್ತು ನಿಂತಿದ್ದ ಕೆರಿಯ ಅನ್ನುವವನು ಅದನ್ನು ಕಣ್ಣಾರೆ ನೋಡಿದ. "ಕೆಂಪು ಬಟ್ಟೆ ಒಂದು ಕಟ್ಟಿರ್ಲಿಲ್ರಾ ಅಮ್ಮಾ. ಲಾರಿ ಹೋತಲ ಅಂತ ಮಾಸ್ತರು ನನ್ನ ಕಡೆ ನೋಡಿ ನಗ್ತಾ ಇದ್ರು," ಅಂತ ಅವನು ನನಗೆ ಹೇಳಿದ್ದ. ಆ ನಗುವಿನ ಮಾತು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ರಾಯರು ಎಲ್ಲ ಬರೆದುಕೊಂಡು, ಕ್ಯಾಲೆಂಡರಿನ ಮೇಲೆ ಪೆನ್ಸಿಲ್ ಓಡಿಸಿ, "ಪೆಟ್ಟು ಬಿದ್ದ ದಿನ ಬಿಟ್ಟು ಎಣಿಸಿದರೂ ಮಂಗಳವಾರಕ್ಕೆ ಅರವತ್ತು ತಾಯೀ. ಕಾನೂನು ಅರವತ್ತು ದಿನ ಅಂತ ಹೇಳ್ತದೆ, ಎರಡು ಹುಣ್ಣಿಮೆ ಅಂತ ಹೇಳೂದಿಲ್ಲ," ಅಂದರು. ದಾಟಿದರೆ ಏನು ಅಂತ ಕೇಳಿದೆ. ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟು ಬೇಡಿಕೊಳ್ಳಬಹುದು, ಒಪ್ಪುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು ಅಂದರು. ಆಮೇಲೆ ಅರ್ಧ ನಕ್ಕು, "ಅಧಿಕ ಮಾಸ ಎಣಿಸಲಿಲ್ಲ ಸ್ವಾಮೀ ಅಂತ ನಾನು ಯಾವ ಬಾಯಲ್ಲಿ ಹೇಳಲಿ?" ಅಂದರು. ಅವರ ಅಮ್ಮ, "ಎಂತಕ್ಕೆ ಹೇಳಲಾಗ? ಎಣಿಸದೇ ಇಪ್ಪದು ಹೌದಲ್ಲ," ಅಂತ ಮಗನ ಮೇಲೆ ರೇಗಿದರು. ಆ ಹೊತ್ತಿನಲ್ಲಿಯೂ ನನಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಅವರಿಬ್ಬರೂ ಬೇರೆ ಕಡೆ ನೋಡುತ್ತ ಕುಳಿತರು.

ಫೀಸಿನ ಮಾತು ನಾನೇ ತೆಗೆದೆ. ನೀವು ಎಲ್ಲಕ್ಕಿಂತ ಮೊದಲು ಕೇಳುವುದು ಅದನ್ನೇ ಅಂತ ಗೊತ್ತಿತ್ತು. ಪಾಲಿನ ಮೇಲೆ ಕೇಸು ಹಿಡಿಯುವುದು ವಕೀಲರಿಗೆ ನಿಷಿದ್ಧವಂತೆ; ಸೋಮನಂಥವನ ಕಾಗದಕ್ಕೆ ಸಹಿ ಹಾಕಿದ್ದರೆ ಆರಾಣೆಯ ಜೊತೆ ಮಾನವೂ ಹೋಗುತ್ತಿತ್ತು ಅಂದರು. ತಮ್ಮ ಫೀಸು ಇಷ್ಟು ಅಂತ ಒಂದೇ ಮೊತ್ತ ಹೇಳಿದರು. ಅರ್ಧ ಸುಗ್ಗಿಯ ಮೇಲೆ, ಉಳಿದದ್ದು ಕೇಸು ಮುಗಿದ ಮೇಲೆ. ಈಗ ಕೊಡಬೇಕಾದ್ದು ಸ್ಟಾಂಪು, ನಕಲು, ಗುಮಾಸ್ತ ಕಾರವಾರಕ್ಕೆ ಹೋಗಿಬರುವ ಖರ್ಚು. ಎಲ್ಲ ಸೇರಿ ನಾವು ತಿಂಗಳಿಗೆ ಆಸ್ಪತ್ರೆಯ ಹಾಲಿಗೆ ಕೊಡುವುದಕ್ಕಿಂತ ಕಡಿಮೆ. "ಬರೆದು ಕೊಡ್ತೀರಾ?" ಅಂತ ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು. ಅವರು ಬೇಸರ ಮಾಡಿಕೊಳ್ಳದೆ ತಮ್ಮ ಹೆಸರಿನ ಕಾಗದದ ಮೇಲೆ ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟರು. ಆ ಕಾಗದ ಇದರ ಜೊತೆ ಮಡಿಸಿ ಇಟ್ಟಿದ್ದೇನೆ. ನಿಮ್ಮ ಹನ್ನೊಂದು ವರ್ಷದಲ್ಲಿ ಯಾರಾದರೂ ನಿಮಗೆ ಹಾಗೆ ಬರೆದು ಕೊಟ್ಟಿದ್ದರೇ? ಬರೆದು ಕೊಡಿ ಅಂತ ಕೇಳಬಹುದು ಅನ್ನುವುದಾದರೂ ನಿಮಗೆ ಯಾರಾದರೂ ಹೇಳಿದ್ದರೇ? ಮೊನ್ನೆ ಸುಮ್ಮನೆ ಕೇಳಿ ತಿಳಿದುಕೊಂಡದ್ದಕ್ಕೆ ಅವರು ಏನೂ ತೆಗೆದುಕೊಳ್ಳಲಿಲ್ಲ. "ಮೇ ತಿಂಗಳಲ್ಲೇ ಬಂದಿದ್ರೆ ಆಗಲೂ ತಗೊಳ್ತಿರ್ಲಿಲ್ಲ," ಅಂದರು. ಆ ಮಾತು ನನ್ನನ್ನು ಎರಡು ದಿನದಿಂದ ಚುಚ್ಚುತ್ತಿದೆ. ಮೂರು ಸಲ ಚಿಲಕ ಮುಟ್ಟಿದ ಕೈ ಇದೇ.

ಈಗ ವೀರಪ್ಪನವರ ಮಾತು. ಇದನ್ನು ಬರೆಯುವುದೇ ಕಷ್ಟ. ಲಾರಿ ಅವರದು. ನೀವೂ ಅವರೂ ಒಂದೇ ಮಠದ ಒಕ್ಕಲು, ಒಂದೇ ಸಂತೆಗೆ ಅಕ್ಕಿ ಹಾಕಿದವರು. ಐದನೆಯ ದಿನ ಅವರು ಬಾಳೆಹಣ್ಣಿನ ಗೊನೆ ಹೊರಿಸಿಕೊಂಡು ಆಸ್ಪತ್ರೆಗೆ ಬಂದರು. ಇವರ ತಲೆ ಸವರಿ, ಕೊರಳಿನ ಲಿಂಗದ ಮೇಲೆ ಕೈಯಿಟ್ಟು, "ಶಂಕ್ರಪ್ಪಣ್ಣಾ, ಹುಡುಗ ಎದ್ದು ನಡ್ಯಾಮಟ ಇವನ ಜವಾಬ್ದಾರಿ ನಂದು. ಪೊಲೀಸು, ಕೋರ್ಟು ಅಂತ ಅಡ್ಯಾಡೂದು ಬ್ಯಾಡ. ಅಧಿಕ ಮುಗೀಲಿ, ಮಠದಾಗ ಕುಂತು ಮಾತಾಡೂಣು," ಅಂತ ಎಲೆ ಅಡಿಕೆಯ ಸಂಚಿ ಬಿಚ್ಚಿ ಮುಂದೆ ಹಿಡಿದರು. ನೀವು ಬಾಯಿ ಬಿಟ್ಟು ಹೂಂ ಅನ್ನಲಿಲ್ಲ. ಅಡಿಕೆಯ ಒಂದು ಹೋಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಿರಿ. ನಾನು ಪರದೆಯ ಈಚೆ ಕೂಸಿಗೆ ಹಾಲು ಕುಡಿಸುತ್ತಿದ್ದೆ. ಅಡಿಕೆ ಕಡಿದ ಸದ್ದು ಕೇಳಿ, ಆಯಿತು, ಮಾತು ಮುಗಿಯಿತು ಅಂದುಕೊಂಡೆ. ನಿಮ್ಮ ಬಾಯಿಗೆ ಬಿದ್ದ ಅಡಿಕೆ ಸ್ಟಾಂಪು ಕಾಗದಕ್ಕಿಂತ ಗಟ್ಟಿ ಅಂತ ಪೇಟೆಗೆಲ್ಲ ಗೊತ್ತು. ನಿಮ್ಮ ಮಗನಿಗೆ ಅದು ಎಲ್ಲರಿಗಿಂತ ಹೆಚ್ಚು ಗೊತ್ತು.

ಆಮೇಲೆ ವೀರಪ್ಪನವರು ಒಂದು ಸಲ ಬಂದರು. ಮತ್ತೆ ಬರಲಿಲ್ಲ. ಅಧಿಕ ಮುಗಿದು ಇವತ್ತಿಗೆ ಹನ್ನೆರಡು ದಿನ. ಮಠದಲ್ಲಿ ಕೂಡುವ ಮಾತು ಕಾರ ಹುಣ್ಣಿಮೆಯ ಆಚೆಗೆ ಹೋಯಿತು ಅಂತ ನೀವೇ ಅತ್ತೆಯ ಹತ್ತಿರ ಹೇಳಿ ಕಳಿಸಿದ್ದೀರಿ. ಅವರಿಗೆ ಅರವತ್ತು ದಿನದ ಸಂಗತಿ ಗೊತ್ತಿತ್ತೋ ಏನೋ. ರಾಯರನ್ನು ಕೇಳಿದೆ, ತಾನು ಹಾಗೆ ಹೇಳಲಾರೆ ಅಂದರು. ನಾನೂ ಹೇಳಲಾರೆ. ಗೊತ್ತಿದ್ದೇ ಮಾಡಿದರು ಅಂತ ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಶಕ್ತಿ ಬೇಕು. ಅದು ನನ್ನಲ್ಲಿ ಉಳಿದಿಲ್ಲ. ಅವರು ಕೆಟ್ಟವರಲ್ಲ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ರಾಯರು ಹೇಳಿದ ಇನ್ನೊಂದು ಸಂಗತಿ ನಿಮಗೂ ಅವರಿಗೂ ಸಮಾಧಾನ ತರಬೇಕು. ರಸ್ತೆಗೆ ಇಳಿಯುವ ಲಾರಿಗೆ ವಿಮೆ ಇರಲೇಬೇಕಂತೆ. ಪರಿಹಾರ ಕೊಡಬೇಕು ಅಂತ ಆದರೆ ದುಡ್ಡು ಎಣಿಸುವುದು ವಿಮೆಯ ಕಂಪನಿಯವರು. ವೀರಪ್ಪನವರ ಮನೆಯ ಹೆಂಚು ಒಂದೂ ಜಾರುವುದಿಲ್ಲ. ಇದಕ್ಕೆ ಬೇಕೆಂದೇ ಅವರು ವರ್ಷಾ ವರ್ಷಾ ಕಂತು ಕಟ್ಟಿದ್ದಾರೆ. ಎದ್ದು ನಡೆಯುವವರೆಗೆ ಜವಾಬ್ದಾರಿ ತಮ್ಮದು ಅಂದರಲ್ಲ, ಆ ಮಾತು ಅವರು ಉಳಿಸಿಕೊಳ್ಳುವುದಕ್ಕೆ ಈ ಅರ್ಜಿಯೇ ದಾರಿ. ಅಡಿಕೆ ಬಾಯಿಗೆ ಹಾಕಿಕೊಂಡಾಗ ನೀವು ಒಪ್ಪಿದ್ದು ಇವರು ಎದ್ದು ನಡೆಯಬೇಕು ಅನ್ನುವುದಕ್ಕೆ. ಇವರು ಮಲಗಿಯೇ ಇರಲಿ ಅನ್ನುವುದಕ್ಕೆ ನೀವು ಒಪ್ಪಿರಲಿಲ್ಲ.

ಎದ್ದು ನಡೆಯುವುದರ ಬಗ್ಗೆ ನಿಮಗೆ ಪೂರ್ತಿ ಹೇಳಿಲ್ಲ. ಡಾಕ್ಟರು ಬೇಡ ಅಂದಿರಲಿಲ್ಲ; ನಾನೇ ಹೇಳಲಿಲ್ಲ. ಮೂಳೆ ಕೂಡಿದೆ, ಆದರೆ ಮೊಣಕಾಲು ಮಡಚುವುದಿಲ್ಲ. ಹೀಗೇ ಬಿಟ್ಟರೆ ಕೋಲೂರಿ ನಡೆಯಬಹುದು, ಸೈಕಲ್ ತುಳಿಯುವ ಮಾತಿಲ್ಲ. ಮಿರಜಿನ ದೊಡ್ಡ ಆಸ್ಪತ್ರೆಗೆ ಒಯ್ದು ಆಪರೇಶನ್ ಮಾಡಿಸಿದರೆ ಮಡಚಬಹುದು ಅನ್ನುತ್ತಾರೆ, ಆ ಖರ್ಚು ನಮ್ಮ ಕೈಮೀರಿದ್ದು. ಗ್ರಾಮಸೇವಕನಿಗೆ ಸೈಕಲ್ ಇಲ್ಲದೆ ಕೆಲಸವಿಲ್ಲ. ಬ್ಲಾಕಿನ ಸಾಹೇಬರು ಜುಲೈ ಕೊನೆಯವರೆಗೆ ಜಾಗ ಖಾಲಿ ಇಡುತ್ತೇವೆ ಅಂತ ಬರೆದಿದ್ದಾರೆ. ಆ ಪತ್ರವನ್ನು ಇವರು ದಿಂಬಿನ ಕೆಳಗಿಟ್ಟುಕೊಂಡು, ನಾನು ನೋಡದಾಗ ತೆಗೆದು ಓದುತ್ತಾರೆ. ನಾನು ನೋಡದಂತೆ ಇರುತ್ತೇನೆ.

ಸೈಕಲ್ ಅಂದಾಗ ನೆನಪಾಯಿತು. ರಾಯರು, "ಸೈಕಲ್ ಎಲ್ಲಿದೆ? ಮುಟ್ಟದೆ ಹಾಗೇ ಇಡಿ, ದಿಮ್ಮಿ ಎಷ್ಟು ಎತ್ತರಕ್ಕೆ, ಯಾವ ಬದಿಯಿಂದ ಬಡಿದಿದೆ ಅನ್ನೂದಕ್ಕೆ ಅದೇ ಸಾಕ್ಷಿ," ಅಂದರು. ನಾನು ತಲೆ ತಗ್ಗಿಸಿದೆ. ನೀವು ಅದನ್ನು ಸಿದ್ದಾಪುರದಿಂದ ಗಾಡಿಯಲ್ಲಿ ತರಿಸಿ, ಹೊಸ ಚಕ್ರ ಹಾಕಿಸಿ, ಬಣ್ಣ ಹೊಡೆಸಿ, ಅಂಗಡಿಯ ತೊಲೆಗೆ ತೂಗುಬಿಟ್ಟಿದ್ದೀರಿ. ಮಗ ಬಂದ ಕೂಡಲೇ ಏರಲಿ ಅಂತ. ಇದನ್ನು ರಾಯರಿಗೆ ಹೇಳುವಾಗ ಅವರು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು. ಆಮೇಲೆ, "ಹಳೆ ಚಕ್ರ ಬಿಸಾಕಿದಾರಾ?" ಅಂತ ಕೇಳಿದರು. ಇಲ್ಲ. ಆ ಸೊಟ್ಟ ಚಕ್ರವನ್ನು ಅತ್ತೆ ಹಿತ್ತಲಲ್ಲಿ ಹೀರೆಯ ಬಳ್ಳಿ ಹಬ್ಬಲಿ ಅಂತ ನಿಲ್ಲಿಸಿದ್ದಾರೆ. ಬಳ್ಳಿ ಇನ್ನೂ ಎಳೆಯದು, ಬಿಡಿಸಿದರೆ ಬಂದೀತು.

ನಿನ್ನೆ ಇವರಿಗೆ ಎಲ್ಲ ಹೇಳಿದೆ. ರಾಯರು ಬರೆಸಿಕೊಟ್ಟ ಅರ್ಜಿ, ವಕಾಲತ್ತಿನ ಕಾಗದ ಎರಡೂ ಮುಂದಿಟ್ಟೆ. ಪೂರ್ತಿ ಓದಿದರು. ಒಂದು ಕಡೆ ಕಾಗುಣಿತ ತಿದ್ದಿದರು ಕೂಡ. ಆಮೇಲೆ ಪೆನ್ನಿಗೆ ಟೊಪ್ಪಿಗೆ ಹಾಕಿ ತಿರುಗಿ ಕೊಟ್ಟರು. "ಅಪ್ಪ ಅಡಿಕಿ ಹಾಕ್ಕೊಂಡಾನ. ಅಪ್ಪನ್ನ ಸುಳ್ಳ ಮಾಡಿ ನಾ ಎದ್ದು ಎಲ್ಲಿ ಅಡ್ಡಾಡ್ಲಿ?" ಅಂದರು. ನಾನು ಕಾಲೇಜಿನಲ್ಲಿ ಕಲಿತ ವಾದವನ್ನೆಲ್ಲ ಮಾಡಿದೆ. ಬೈದೆ. ಕೂಸನ್ನು ಅವರ ಪಕ್ಕ ಮಲಗಿಸಿ, ಇವಳಿಗೇ ಹೇಳಿರಿ ಅಂದೆ. ಅವರು ಗೋಡೆಯ ಕಡೆ ತಿರುಗಿದರು. ಗಂಡಸು ಅಳುವುದನ್ನು ಹೆಂಡತಿ ನೋಡಬಾರದು ಅಂತ ನಾನು ನೀರು ತರುವ ನೆವದಿಂದ ಎದ್ದು ಬಂದೆ. ಅವರದು ತಪ್ಪು ಅಂತ ನನಗೆ ಹೇಳಲಾಗುತ್ತಿಲ್ಲ. ನಿಮ್ಮ ಮಗನಾಗಿ ಇನ್ನೇನು ಹೇಳಿಯಾರು?

ಈ ಕಾಗದವನ್ನು ನಾಲ್ಕು ಗಂಟೆಯ ಬಸ್ಸಿನ ಕಂಡಕ್ಟರ್ ಸಂಗಯ್ಯನ ಕೈಯಲ್ಲಿ ಕೊಡುತ್ತೇನೆ. "ಅಜ್ಜಾರ ಕೈಯಾಗ ಕೊಟ್ಟಮ್ಯಾಲನ ನಾ ನೀರ ಕುಡಿತೀನಿ ಅವ್ವಾರ," ಅಂದಿದ್ದಾನೆ. ಅವನ ಬಸ್ಸು ನಾಳೆ ಬೆಳಿಗ್ಗೆ ಏಳಕ್ಕೆ ಬನವಾಸಿ ಬಿಡುತ್ತದೆ. ರಾಯರು ನಾಳೆ ಸಂಜೆ ಐದರವರೆಗೆ ಕಾಯುತ್ತಾರೆ. ಅವರ ಗುಮಾಸ್ತ ಮಂಗಳವಾರದ ಮೊದಲನೆಯ ಬಸ್ಸಿಗೆ ಘಟ್ಟ ಇಳಿಯುತ್ತಾನೆ. ಬರುವುದಾದರೆ ನಿಮ್ಮ ಕೋಟಿನ ಒಳಜೇಬಿನಲ್ಲಿರುವ ಪೊಲೀಸರ ಪಂಚನಾಮೆಯ ನಕಲು ತನ್ನಿರಿ, ಲಾರಿಯ ನಂಬರು ಅದರಲ್ಲೇ ಇದೆ. ಆ ಸೊಟ್ಟ ಚಕ್ರವನ್ನೂ ತನ್ನಿರಿ. ಬಸ್ಸಿನಲ್ಲಿ ಜನ ನಗಬಹುದು, ನಗಲಿ. ವೀರಪ್ಪನವರಿಗೆ ಮೊದಲೇ ಹೇಳಿ ಬರಬೇಕು ಅನಿಸಿದರೆ ಹೇಳಿಯೇ ಬನ್ನಿರಿ. ಕದ್ದು ಮಾಡುವುದು ನಿಮಗೆ ಒಗ್ಗುವುದಿಲ್ಲ ಅಂತ ಗೊತ್ತು. ಅವರ ಬಾಗಿಲಲ್ಲಿ ನಿಂತೇ ಹೇಳಿ ಬನ್ನಿರಿ, ಕೂತರೆ ಬಸ್ಸು ತಪ್ಪುತ್ತದೆ.

ಬಾರದಿದ್ದರೆ? ಬಾರದಿದ್ದರೂ ನಾನು ಸಿಟ್ಟಾಗುವುದಿಲ್ಲ ಅಂತ ಬರೆಯಲು ಹೊರಟಿದ್ದೆ. ಹಾಗೆ ಬರೆದರೆ ಸುಳ್ಳಾಗುತ್ತದೆ. ಆಗುತ್ತೇನೋ ಏನೋ, ನನಗೇ ಗೊತ್ತಿಲ್ಲ. ನಿದ್ದೆಗೆಟ್ಟ ತಲೆ, ಅದರ ಮೇಲೆ ಭರವಸೆ ಇಡಲಾರೆ. ಬುಧವಾರ ಎತ್ತುಗಳ ಕೋಡಿಗೆ ನೀವು ಬಣ್ಣ ಹಚ್ಚುತ್ತೀರಿ, ಅತ್ತೆ ಒಂದು ತಿಂಗಳಾಯಿತು ಅನ್ನುತ್ತಾರೆ, ನರ್ಸು ಇಲ್ಲಿ ಅರವತ್ತೆರಡು ಅಂತ ಬರೆಯುತ್ತಾಳೆ. ಆಮೇಲೂ ನಾನು ಇವರಿಗೆ ಗಂಜಿ ಕುಡಿಸುತ್ತೇನೆ, ನಿಮ್ಮ ಮನೆಗೇ ತಿರುಗಿ ಬರುತ್ತೇನೆ, ಸಾರಿಗೆ ಉಪ್ಪು ಹಾಕುತ್ತೇನೆ. ಗೂಡಿನಲ್ಲಿಟ್ಟ ಪೇಪರನ್ನು ಬಿಚ್ಚುವ ಮನಸ್ಸು ಮಾತ್ರ ಬರುತ್ತದೋ ಇಲ್ಲವೋ.

ಇದಕ್ಕೆ ಉತ್ತರ ಬರೆಯಬೇಡಿರಿ. ನನ್ನೆದುರು ಬಂದು ಮಾತಾಡುವ ಕಷ್ಟವನ್ನೂ ನಿಮಗೆ ಕೊಡುವುದಿಲ್ಲ. ನೀವು ಬಸ್ಸು ಇಳಿಯುವಾಗ ಕೈಯಲ್ಲಿ ಚಕ್ರ ಕಂಡರೆ ನನಗೆ ಅಷ್ಟೇ ಸಾಕು. ಆದರೆ ಒಳಗೆ ಮಲಗಿದವರಿಗೆ ಚಕ್ರ ಸಾಲದು, ನಿಮ್ಮ ಬಾಯ ಮಾತೇ ಬೇಕು. ನಾನು ಕೂಸನ್ನು ಮೀಯಿಸಿ, ವಿಭೂತಿ ಹಚ್ಚಿ, ಅವರ ಹಾಸಿಗೆಯ ಮೇಲೆ ಕೂಡಿಸಿ ಪರದೆಯ ಈಚೆ ನಿಲ್ಲುತ್ತೇನೆ. ನೀವು ಬಂದು ಯಾವಾಗಿನಂತೆ ಅದಕ್ಕೇ ಹೇಳಿರಿ: "ಸಿದ್ದವ್ವಾ, ನಿಮ್ಮಪ್ಪಗ ಹೇಳು, ಸಹಿ ಹಾಕು ಅಂತ." ಅದಕ್ಕೆ ಇನ್ನೂ ಮಾತು ಬರುವುದಿಲ್ಲ, ನಿಮಗೆ ಗೊತ್ತು. ಈವರೆಗೆ ನೀವು ಅದಕ್ಕೆ ಹೇಳಿದ್ದು ಒಂದಾದರೂ ಮುಟ್ಟದೆ ಹೋಗಿದೆಯೇ?

ಸಂಗಯ್ಯ ಹಾರ್ನು ಹೊಡೆಯುತ್ತಿದ್ದಾನೆ. ಚಿಕ್ಕವಳು ದೊಡ್ಡವರಿಗೆ ಹರಸಬಾರದು. ನಿಮ್ಮ ಎತ್ತುಗಳಿಗೆ ಹರಸುತ್ತೇನೆ: ಬುಧವಾರ ಅವು ಊರ ಅಗಸೆಗೆ ಅಡ್ಡ ಕಟ್ಟಿದ ಕರಿಯ ಹಗ್ಗ ಹರಿದು ಎಲ್ಲರಿಗಿಂತ ಮುಂದೆ ಓಡಲಿ. ಅವುಗಳ ಯಜಮಾನರ ಕಾಲಿಗೆ ದಾರಿಯಲ್ಲಿ ಕಲ್ಲು ತಾಗದಿರಲಿ.

ಕೂಸಿನ ಎರಡೂ ಅಂಗೈಗಳನ್ನು ಈ ಕಾಗದದ ಮೇಲೆ ಒತ್ತಿ ಕಳಿಸುವ,
ನಿಮ್ಮ ಮನೆಯ ಮಗಳು
ಗುರುಶಾಂತವ್ವ